ಸಿಪ್ಪೆ ಯಾರು ತಿನ್ನುತ್ತಾರೆ

ಗೌಡಮ್ಮನ ಎಡಗೈ ಹೆಬ್ಬೆರಳಿನ ಉಗುರು ಮಾಗಿಯ ಚಳಿ ಶುರುವಾದ ಮೇಲೆ ಬೆಳ್ಳಗಿದ್ದದ್ದನ್ನು ನಾನು ನೋಡಿಲ್ಲ. ಅವರೆಕಾಯಿ ಸುಲಿದೂ ಸುಲಿದೂ ಮೊದಲು ಹಸಿರಾಗಿ, ಆಮೇಲೆ ಕಂದಾಗಿ, ಸಂಕ್ರಾಂತಿಯ ಹೊತ್ತಿಗೆ ಮಸಿ ಮೆತ್ತಿದ ಹಾಗೆ ಕಪ್ಪಾಗುತ್ತಿತ್ತು. ಕಾಯಿಯೊಳಗೆ ಹುಳು ಸಿಕ್ಕರೆ ಅದೇ ಉಗುರಿನಲ್ಲಿ ಒತ್ತಿ ಕೊಲ್ಲುತ್ತಿದ್ದರು. ಅದಕ್ಕಾಗಿ ಮಾತು ನಿಲ್ಲಿಸುತ್ತಿರಲಿಲ್ಲ. ಟಪ್ ಎಂದು ಸಣ್ಣ ಸದ್ದು, ಬೆರಳು ಸೆರಗಿಗೆ, ಕೈ ಮುಂದಿನ ಕಾಯಿಗೆ.

ಅವರು ತೀರಿಕೊಂಡ ಸುದ್ದಿಯನ್ನು ಮೊನ್ನೆ ನಮ್ಮ ಬೀದಿಗೆ ಸೊಪ್ಪು ತರುವ ಹೆಂಗಸು ಹೇಳಿದಳು. "ಇನ್ ಊರಾಗೆ ಬೈಯೋರಿಲ್ಲ ಕಣಮ್ಮ" ಎಂದು ಬುಟ್ಟಿ ಎತ್ತಿಕೊಂಡು ಹೋದಳು. ನಾನೂ ನನ್ನ ತಾಯಿಯೂ ಈಗ ರಾಜಾಜಿನಗರದ ಹೊಸ ಮನೆಗಳ ಸಾಲಿನಲ್ಲಿದ್ದೇವೆ. ಅದಕ್ಕೆ ಮುಂಚೆ ಮಾರೇನಹಳ್ಳಿಯಲ್ಲಿ ಅವರ ಮನೆಯ ಬೀದಿಬದಿಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಅಷ್ಟು ದೂರ ಯಾಕೆ ಹೋಗಿ ನೆಲೆಸಿದೆವೆಂಬುದು ಇಲ್ಲಿ ಬೇಡ. ನಾನು ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಹೊಲಗಳ ನಡುವಿನ ಗಾಡಿದಾರಿಯಲ್ಲಿ ನಡೆದು ಮಾಗಡಿ ರಸ್ತೆ ಸೇರಿ ಬಸ್ಸು ಹಿಡಿಯುತ್ತಿದ್ದೆ. ಊರಿನವರ ಹಾಗೆ ನಾನೂ ಅವರನ್ನು ಗೌಡಮ್ಮ ಎನ್ನುತ್ತಿದ್ದೆ. ಅವರು ನನ್ನನ್ನು ಕಾಲೇಜಮ್ಮ ಎನ್ನುತ್ತಿದ್ದರು.

ಅವರ ಕೈ ಯಾವಾಗಲೂ ಮಾತಿಗಿಂತ ಮುಂದಿರುತ್ತಿತ್ತು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮೈದುನನಿಂದ ಪಾಲು ಕಿತ್ತುಕೊಂಡು, ಒಬ್ಬರೇ ಬೇಸಾಯ ನಡೆಸಿದವರು. ಹೊಸ ಬಡಾವಣೆ ಎಲ್ಲಿಯವರೆಗೆ ಬರುತ್ತದೆಂದು ಅಳೆಯಲು ಒಮ್ಮೆ ಸರ್ವೆಯವರು ಬಂದು ಅವರ ಬದುವಿನ ಮೇಲೆ ಕೆಂಪು ಬಾವುಟದ ಕೋಲು ನೆಟ್ಟರು. ಇವರು ಕೋಲು ಕಿತ್ತು ಅದರಿಂದಲೇ ಅಳತೆಯ ಸರಪಳಿ ಹಿಡಿದವನ ಬೆನ್ನಿಗೆ ಬಾರಿಸಿದರು. ಮಧ್ಯಾಹ್ನ ಅದೇ ಆಳನ್ನು ಜಗಲಿಗೆ ಕರೆದು ಮುದ್ದೆ ಬಡಿಸಿ, "ನಿನ್ ಮ್ಯಾಲೇನ್ ಸಿಟ್ಟಿಲ್ಲ ಕಣ್ಲಾ, ಕೋಲು ಕೈಯಾಗಿತ್ತು" ಅಂದರು. ಅವನು ಬೆನ್ನು ಸವರಿಕೊಳ್ಳುತ್ತಲೇ ಎರಡನೆಯ ಮುದ್ದೆ ಕೇಳಿದ.

ಇನ್ನೊಮ್ಮೆ, ಬಸ್ಸಿಳಿದಲ್ಲಿಂದ ಕೆಲವು ದಿನ ಒಬ್ಬ ನನ್ನ ಹಿಂದೆ ಬರುತ್ತಿದ್ದ. ನಾನು ಯಾರಿಗೂ ಹೇಳಿರಲಿಲ್ಲ. ಅವರು ಹೊಲದಿಂದ ನೋಡಿದ್ದರು. ಒಂದು ಸಂಜೆ ಬೇಲಿಯ ಮರೆಯಿಂದ ಹೊರಬಂದು ಅವನ ಕುತ್ತಿಗೆ ಹಿಡಿದು ಮುಖವನ್ನು ತಿಪ್ಪೆಗೆ ಒತ್ತಿದರು. ಅವನ ಕಾಲು ಬಡಿದುಕೊಳ್ಳುವುದು ನಿಧಾನವಾಗುವವರೆಗೂ ಬಿಡಲಿಲ್ಲ. ಅವನು ಓಡಿಹೋದ ಮೇಲೆ ನನಗೇ ಬೈದರು. ತಲೆ ಬಗ್ಗಿಸಿ ನಡೆಯುವವಳ ಬೆನ್ನು ಎಲ್ಲರಿಗೂ ಕಾಣುತ್ತದಂತೆ. ನನಗೆ ಅವರ ಮೇಲೆ ಕೃತಜ್ಞತೆಗಿಂತ ಹೆದರಿಕೆಯೇ ಹೆಚ್ಚಾಯಿತು. ಆ ಹೆದರಿಕೆ ಕೊನೆಯವರೆಗೂ ಪೂರ್ತಿ ಹೋಗಲಿಲ್ಲ.

ಅವರು ಹೊಡೆಯದೆ ಇದ್ದದ್ದು ಎತ್ತುಗಳನ್ನು ಮಾತ್ರ. ಬೂದು ಮೈಯ, ಹಿಂದಕ್ಕೆ ಬಾಗಿದ ಕೊಂಬಿನ ಹಳ್ಳಿಕಾರ್ ಜೋಡಿ. ಅವಕ್ಕೆ ಹೆಸರಿಟ್ಟಿರಲಿಲ್ಲ, ನೊಗದಲ್ಲಿ ಕಟ್ಟುವ ಕಡೆಯಿಂದ ಎಡದೆತ್ತು, ಬಲದೆತ್ತು ಅಷ್ಟೆ. ಬಲದೆತ್ತು ಹೊಟ್ಟೆಬಾಕ. ಸುಲಿದ ಅವರೆ ಸಿಪ್ಪೆಯ ಕುಕ್ಕೆ ಕಂಡರೆ ಹಗ್ಗ ಕಿತ್ತುಕೊಂಡು ಬರುತ್ತಿತ್ತು. ಆ ಸೀಮೆಯಲ್ಲಿ ಅವರೆ ಸುಲಿಯುವುದೆಂದರೆ ಎರಡು ಗುಡ್ಡೆ ಮಾಡುವುದು: ಕಾಳು ಒಲೆಗೆ, ಸಿಪ್ಪೆ ದನ ಮೇಯುವ ಗೋದಲಿಗೆ. ಪೇಟೆಯಲ್ಲೂ ಹಾಗೆಯೇ. ಚಳಿಗಾಲದಲ್ಲಿ ಯಾವ ಬೀದಿಗೆ ಹೋದರೂ ಬಾಗಿಲ ಮುಂದೆ ಸಿಪ್ಪೆಯ ರಾಶಿ, ರಾಶಿಗೆ ಬಾಯಿ ಹಾಕಿದ ಹಸು, ಅದರ ಪಕ್ಕದಲ್ಲಿ ಕರು.

ನಾನು ಹೇಳಬೇಕಾದ ವರ್ಷ ರಾಗಿ ಕೊಯ್ದಾದ ಮೇಲೆ ಮೋಡ ಕವಿದು ನಿಂತುಬಿಟ್ಟಿತು. ರಾಗಿಯ ನಡುವೆ ಅಕ್ಕಡಿಯಾಗಿ ಬಿತ್ತಿದ್ದ ಅವರೆ ಹೂವು ಕಚ್ಚಿ ಕಾಯಾಗುತ್ತಿದ್ದ ಸಮಯ. ಬಿಸಿಲಿಲ್ಲದ ಆ ವಾರಗಳಲ್ಲಿ ಹುಳು ಎದ್ದಿತು. ಬೆಳಿಗ್ಗೆ ಹೊಲದ ಪಕ್ಕ ನಡೆದರೆ ಅವು ಮೇಯುವ ಸದ್ದು ಕೇಳುತ್ತದೆ ಎಂದು ನನ್ನ ತಾಯಿ ಹೇಳುತ್ತಿದ್ದರು. ನನಗೆ ಕೇಳಿಸಲಿಲ್ಲ, ಆದರೆ ಯಾವ ಕಾಯಿ ಹಿಡಿದರೂ ತೂತಿತ್ತು. ಗೌಡಮ್ಮ ರೂಢಿಯಂತೆ ಬೂದಿ ಎರಚಿಸಿದರು. ಇಬ್ಬನಿ ಆರುವ ಮುಂಚೆ, ತೆಳು ಬಟ್ಟೆಯ ಗಂಟಿನಲ್ಲಿ ಒಲೆಬೂದಿ ತುಂಬಿ ಕೋಲಿಗೆ ಕಟ್ಟಿ ತಟ್ಟುತ್ತಾ ಸಾಲಿನುದ್ದಕ್ಕೂ ಹೋಗುವುದು. ಒದ್ದೆ ಎಲೆಗೆ ಬೂದಿ ಹಿಡಿದುಕೊಳ್ಳುತ್ತದೆ. ಈ ಸಲ ಹುಳು ಬೂದಿಯನ್ನೂ ಮೇದ ಹಾಗೆ ಕಂಡಿತು.

ಆಗ ಜೀಪಿನಲ್ಲಿ ಕೃಷಿ ಇಲಾಖೆಯವರು ಬಂದರು. ಬಂದವನು ನನ್ನ ವಯಸ್ಸಿನ ಹುಡುಗ, ಬೇರೆ ಜಿಲ್ಲೆಯವನು, ಸಭ್ಯ. ಹುಳು ಪಕ್ಕದ ಹಳ್ಳಿಗಳಿಗೆ ಹರಡುವ ಮುಂಚೆ ತುರ್ತಾಗಿ ಪುಡಿ ಹಾಕಬೇಕು, ಇಲಾಖೆ ಪುಕ್ಕಟೆ ಕೊಡುತ್ತದೆ ಎಂದ. ಡಬ್ಬಗಳಲ್ಲಿದ್ದದ್ದು ಬಿ.ಎಚ್.ಸಿ. ಎಂಬ ಕೀಟನಾಶಕ, ಮುಗ್ಗಿದ ಗೋಣಿಚೀಲದ ವಾಸನೆಯ ಬಿಳಿ ಪುಡಿ. ಒಂದು ಪಾಲಿಗೆ ಹತ್ತಾರು ಪಾಲು ಬೂದಿ ಬೆರೆಸಬೇಕೆಂದು ಎರಡೆರಡು ಸಲ ಹೇಳಿದ. ಊರಿನವರು ಹಿಂದೆಗೆದರು. ಮೈದುನನಂತೂ ತನ್ನ ಹೊಲದ ಹತ್ತಿರಕ್ಕೆ ಡಬ್ಬ ತರಬೇಡಿ ಎಂದ. ಗೌಡಮ್ಮ ಬೀದಿಯ ನಡುವೆ ನಿಂತು ಅವನ ಗಂಡಸುತನದಿಂದ ಹಿಡಿದು ಅವನ ಅಪ್ಪನವರೆಗೂ ಎಲ್ಲವನ್ನೂ ಬಿಡಿಸಿ ಆಡಿದರು. ಅವನ ಹೊಲದಲ್ಲಿ ಉಳಿದ ಹುಳು ತಮ್ಮ ಹೊಲಕ್ಕೆ ಬಂದರೆ ಒಂದೊಂದನ್ನೂ ಆರಿಸಿ ಅವನ ಬಾಯಿಗೆ ತುಂಬುತ್ತೇನೆ ಎಂದರು. ಸಂಜೆಯೊಳಗೆ ಇಡೀ ಊರು ಡಬ್ಬ ಒಯ್ದಿತ್ತು.

ಬೂದಿಗೆ ಮಾತ್ರ ಅವರು ಬೆರೆಸಲಿಲ್ಲ. ಬೆರೆಸಿದರೆ ಔಷಧಿಯ ಸೊಕ್ಕು ಇಳಿಯುತ್ತದೆ ಎಂಬುದು ಅವರ ಲೆಕ್ಕ. ಬೂದಿಯ ಗಂಟಿನಲ್ಲೇ ಬರೀ ಪುಡಿ ತುಂಬಿ, ಬೂದಿಯ ಕೋಲಿನಲ್ಲೇ ತಟ್ಟಿ, ಇಬ್ಬನಿಯ ಮೇಲೆ ಎರಚಿದರು. ಅವರು ಮಾಡಿದಂತೆ ಊರು ಮಾಡಿತು.

ಮಾರನೆಯ ದಿನ ಹೊಲದ ತುಂಬ ಹುಳು ಸತ್ತು ಬಿದ್ದಿತ್ತು. ಗೌಡಮ್ಮ ಬರಿಗಾಲಿನಲ್ಲಿ ಅದರ ಮೇಲೆಯೇ ಓಡಾಡಿದರು. "ನೋಡು ಬಾ ಕಾಲೇಜಮ್ಮ, ನನ್ಮಕ್ಳು ಹೆಂಗೆ ಒದ್ದಾಡಿ ಸತ್ತವ್ರೆ" ಎಂದು ನನ್ನನ್ನೂ ಕರೆದರು. ನಾನು ನೋಡಿದ್ದು ಇನ್ನೂ ಒಂದನ್ನು. ಹುಳು ಆರಿಸಲು ಬಂದಿದ್ದ ಗೊರವಂಕಗಳು ಬದುವಿನ ಮೇಲೆ ಮಗುಚಿ ಬಿದ್ದು ರೆಕ್ಕೆ ಬಡಿಯುತ್ತಿದ್ದವು. ಒಂದರ ಕೊರಳು ಹಿಂದಕ್ಕೆ ತಿರುಚಿಕೊಂಡು ಬೆನ್ನಿಗೆ ತಾಗಿತ್ತು. ಬಟ್ಟೆಗಂಟು ಜಾಲಾಡಿಸಿದ ಕುಂಟೆಯ ನೀರಿನಲ್ಲಿ ಕಪ್ಪೆಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲಿದವು. ನಾನು ತೋರಿಸಿದಾಗ ಅವರು ಒಂದು ಗಳಿಗೆ ನೋಡಿ, ಹಕ್ಕಿ ತಿಂದ ಕಾಳಿಗೆ ಇಲ್ಲಿಯವರೆಗೆ ಯಾರು ಲೆಕ್ಕ ಕೊಟ್ಟಿದ್ದಾರೆ ಎಂದು ಹೊರಟುಹೋದರು.

ಸಂಕ್ರಾಂತಿ ಹಬ್ಬ ಹತ್ತಿರವಾದಾಗ ಹುಳು ಮತ್ತೆ ಬಂತು, ಮೊದಲಿಗಿಂತ ಹೆಚ್ಚಾಗಿ. ಆರಿಸಿ ತಿನ್ನುವ ಹಕ್ಕಿಗಳು ಈಗ ಇರಲಿಲ್ಲ. ಎರಡನೆಯ ಸಲ ಪುಡಿ ಎರಚಿದ್ದು ಕಾಯಿ ಬಿಡಿಸುವುದಕ್ಕೆ ಸ್ವಲ್ಪವೇ ಮುಂಚೆ. ಜೀಪಿನ ಹುಡುಗ ಬಂದಿದ್ದಾಗ ನಾನೂ ಮನೆಯಲ್ಲಿದ್ದೆ. ಕಾಯಿ ಬಿಡಿಸಲು ಕೆಲವು ವಾರ ಕಾಯಬೇಕಲ್ಲವೇ ಎಂದು ಕೇಳಿದೆ. ಕಾಯುವುದು ಒಳ್ಳೆಯದೇ, ಆದರೆ ಹಬ್ಬ ಕಾಯುವುದಿಲ್ಲವಲ್ಲ ಎಂದು ನಕ್ಕ. ಕಾಳು ಒಳಗಿರುತ್ತದೆ, ತೊಳೆದು ಬೇಯಿಸಿದರೆ ಆಯಿತು ಎಂದ.

"ಸಿಪ್ಪೆ?" ಎಂದೆ.

"ಸಿಪ್ಪೆ ಯಾರು ತಿನ್ತಾರೆ ಮೇಡಂ?"

ಅವನ ಊರಿನಲ್ಲಿ ಅವರೆ ಬೆಳೆಯುತ್ತಿರಲಿಲ್ಲವೋ ಏನೋ. ದನ ತಿನ್ನುತ್ತವೆ ಎಂದೆ. ಅವನ ಮುಖ ಸ್ವಲ್ಪ ಬದಲಾಯಿತು. ಆಗದು, ಕೊಡಬಾರದು, ಎಲ್ಲರಿಗೂ ಹೇಳಿಬಿಡಿ ಎಂದು ಗೌಡಮ್ಮನ ಕಡೆ ತಿರುಗಿದ. ಅವರು ಜಗಲಿಯ ಮೇಲೆ ಕಾಲು ಚಾಚಿ ಕಾಯಿ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ. "ನಮ್ ಅಜ್ಜಿ ಕಾಲದಿಂದ ಬೂದಿ ಮೆತ್ತಿದ ಸಿಪ್ಪೆ ತಿಂದ ದನ ಇವು. ಈ ಬೂದಿಗೆ ಹೆದರ್ತವಾ?" ಎಂದರು. ಹುಳು ಟಪ್ ಎಂದಿತು.

ಸಂಕ್ರಾಂತಿಯ ದಿನ ಊರೆಲ್ಲ ಕಾಯಿ ಸುಲಿಯಿತು. ಹಬ್ಬದ ಸಿಪ್ಪೆಯ ಮೊದಲ ಕುಕ್ಕೆ ಬಲದೆತ್ತಿಗೆ. ಎರಡೂ ಎತ್ತುಗಳ ಮೈ ತೊಳೆದು, ಕೊಂಬಿಗೆ ಅರಿಸಿನ ಬಳಿದು, ಕೊರಳಿಗೆ ಚೆಂಡುಹೂ ಕಟ್ಟಿದರು. ಮಧ್ಯಾಹ್ನ ಕೊಟ್ಟಿಗೆಯ ಪಕ್ಕದಿಂದ ಹೋಗುವಾಗ ಬಲದೆತ್ತಿನ ಭುಜದ ಚರ್ಮ ಅದಿರುವುದು ಕಂಡಿತು, ನೊಣ ಕೂತಾಗ ಅದಿರುವ ಹಾಗೆ. ನೊಣ ಇರಲಿಲ್ಲ. ರೆಪ್ಪೆಗಳು ನಿಲ್ಲದೆ ಬಡಿಯುತ್ತಿದ್ದವು. ಬಾಯಿಂದ ದಾರದಂತೆ ಜೊಲ್ಲು. ಕರೆದು ತೋರಿಸಿದೆ. ತಣ್ಣೀರು ಹುಯ್ದಿದ್ದಕ್ಕೆ ಚಳಿ ಎಂದು ಗೌಡಮ್ಮ ಗೋಣಿ ಹೊದಿಸಿದರು. ಗೋಣಿ ಮೈಗೆ ತಾಗಿದ ಕೂಡಲೇ ಎತ್ತು ಹೊಡೆತ ಬಿದ್ದಂತೆ ನೆಗೆಯಿತು. ಅವರು ಅದರ ಹಣೆ ಸವರಿ, "ಹಬ್ಬದ ಸೊಕ್ಕು" ಅಂದರು. ದನಿಯಲ್ಲಿ ಅಷ್ಟು ನೆಚ್ಚಿಕೆ ಇರಲಿಲ್ಲ.

ಸೂರ್ಯ ಇಳಿಯುವ ಹೊತ್ತಿಗೆ ಊರ ಮುಂದೆ ಹುಲ್ಲು ಹಾಸಿ ಕಿಚ್ಚು ಹಚ್ಚಿದರು. ಪ್ರತಿ ವರ್ಷವೂ ಮೊದಲು ಹಾಯುವುದು ಗೌಡಮ್ಮನ ಜೋಡಿ. ಗಂಡಸರ ಕೈಗೆ ಕೊಡದೆ ಅವರೇ ಹಗ್ಗ ಹಿಡಿದು ಓಡುತ್ತಿದ್ದರು. ಆ ದಿನವೂ ಬಲದೆತ್ತಿನ ಹಗ್ಗವನ್ನು ಎಡಗೈಗೆ ಸುತ್ತಿಕೊಂಡರು. ತಮಟೆ ಶುರುವಾಯಿತು.

ಮೊದಲ ಏಟಿಗೇ ಎತ್ತು ನೆಲದಿಂದ ಮೇಲಕ್ಕೆದ್ದಿತು. ಬೆಂಕಿಯ ಕಡೆಗಲ್ಲ, ಹಿಂದಕ್ಕೆ. ಜನ ಕಿರುಚಿದಷ್ಟೂ, ತಮಟೆ ಬಡಿದಷ್ಟೂ ಅದರ ಮೈ ಸೆಟೆಯಿತು. ಗೌಡಮ್ಮನನ್ನು ಹಗ್ಗದ ತುದಿಯಲ್ಲಿ ಎಳೆದುಕೊಂಡೇ ಹೋಗಿ ಕಲ್ಲುಗೋಡೆಗೆ ನೆತ್ತಿ ಕೊಟ್ಟು ಗುದ್ದಿತು. ಒಂದು ಕೊಂಬು ಬುಡದಲ್ಲಿ ಮುರಿದು ಜೋತಾಡಿತು. ಮತ್ತೆ ಗುದ್ದಿತು. ಆಮೇಲೆ ಮಗ್ಗುಲಾಗಿ ಬಿದ್ದು, ಬಿದ್ದಲ್ಲೇ ನಾಲ್ಕೂ ಕಾಲಿನಲ್ಲಿ ಓಡತೊಡಗಿತು. ಗೊರಸುಗಳು ನೆಲ ಕೆತ್ತಿ ಮಣ್ಣು ನಮ್ಮ ಮುಖಕ್ಕೆ ರಾಚುತ್ತಿತ್ತು. ಗೌಡಮ್ಮ ಎದ್ದಾಗ ಹಗ್ಗ ಕೈಯಲ್ಲಿರಲಿಲ್ಲ. ಹೆಬ್ಬೆರಳಿನ ತುದಿ, ಉಗುರು ಸಮೇತ, ಹಗ್ಗದ ಜೊತೆ ಹೋಗಿತ್ತು.

ಅವರು ಕೈ ನೋಡಿಕೊಳ್ಳಲಿಲ್ಲ. ಯಾರೋ ಎತ್ತಿನ ಮೇಲೆ ನೀರು ಹುಯ್ದರು, ಅದು ಬಿಲ್ಲಿನಂತೆ ಬಾಗಿತು. ಯಾರೋ ಕೂಗಿದರು, ಮತ್ತೆ ಬಾಗಿತು. ಮುಟ್ಟಿದರೆ, ಸದ್ದಾದರೆ ಸಂಕಟ ಹೆಚ್ಚುತ್ತದೆ ಎಂಬುದು ಎಲ್ಲರಿಗಿಂತ ಮೊದಲು ಅವರಿಗೆ ಹೊಳೆಯಿತು. ತಮಟೆಯವನ ಕೈಯಿಂದ ಕೋಲು ಕಿತ್ತು ಬಿಸಾಡಿದರು. ಆಮೇಲೆ ನೆಲಕ್ಕೆ ಕೂತು, ನಾನು ಎಂದೂ ಕೇಳದ ದನಿಯಲ್ಲಿ, ಹತ್ತಿರವಿದ್ದವರಿಗಷ್ಟೇ ಕೇಳುವ ಹಾಗೆ ಹೇಳಿದರು: "ಯಾರೂ ಉಸಿರೆತ್ ಬ್ಯಾಡ್ರೋ. ತಣ್ಣಗೆ ಸಾಯ್ಲಿ ಅದು."

ಊರೆಲ್ಲ ಸುಮ್ಮನೆ ನಿಂತಿತು. ಹುಲ್ಲಿನ ಬೆಂಕಿ ತಾನೇ ಉರಿದು ಬೂದಿಯಾಯಿತು. ಎತ್ತು ಹಲ್ಲು ಮಸೆಯುವ ಸದ್ದೊಂದೇ. ಕಾಲುಗಳ ಓಟ ಕೊನೆಗೆ ನಿಂತಾಗ ಗೌಡಮ್ಮ ಅದರ ದವಡೆ ಬಿಡಿಸಿ ಬಲಗೈ ಹಾಕಿದರು. ಅರೆ ಅಗಿದ ಸಿಪ್ಪೆ ಹೊರಗೆ ಬಂತು. ಮೂಗಿಗೆ ಹಿಡಿದು, ನನ್ನನ್ನು ಹುಡುಕಿ ನೋಡಿದರು.

"ಸಿಪ್ಪೆ ಯಾರು ತಿನ್ತಾರೆ ಅಂದ ಅಲ್ವೇನವ್ವ ಅವನು?"

ನನ್ನ ತಾಯಿ ಅವರ ಕೈಗೆ ಬಟ್ಟೆ ಕಟ್ಟಿದರು. ಕಟ್ಟಿ ಮುಗಿಯುವ ಮುಂಚೆಯೇ ಗೌಡಮ್ಮ ಎದ್ದು ಮನೆಮನೆಯ ಕೊಟ್ಟಿಗೆಗೆ ನುಗ್ಗಿ ಗೋದಲಿಗಳಿಂದ ಸಿಪ್ಪೆ ಬಾಚಿ ಹೊರಗೆಸೆದರು. ಅಡ್ಡ ಬಂದವರನ್ನು ತಳ್ಳಿದರು. ಮೈದುನನ ಕೊಟ್ಟಿಗೆಯಲ್ಲಿ ಒಂದು ಕರು ಆಗಲೇ ನಡುಗುತ್ತಿತ್ತು. ಅಂಗಳದಲ್ಲಿ ಅವನ ಗಾಡಿಗಳು ಅವರೆಕಾಯಿ ತುಂಬಿ ನಿಂತಿದ್ದವು. ಹಬ್ಬದ ದಿನ ಪೇಟೆಗೆ ಮಾಲು ಹೋಗಿರಲಿಲ್ಲವಾದ್ದರಿಂದ ಮಾರನೆಯ ಬೆಳಿಗ್ಗೆ ಊರಿನ ಅಷ್ಟೂ ಗಾಡಿಗಳು ಒಟ್ಟಿಗೆ ಹೊರಡುವುದಿತ್ತು. ಒಂದೂ ಹೋಗಕೂಡದು ಎಂದರು ಗೌಡಮ್ಮ.

ಮೈದುನ ಕೂಗಾಡಲಿಲ್ಲ. ಕಾಳಿಗೇನಾಗಿದೆ ಎಂದು ಕೇಳಿದ. ತಾವು ಬೆಳಿಗ್ಗೆಯಿಂದ ತಿಂದು ಚೆನ್ನಾಗಿಯೇ ಇದ್ದೇವಲ್ಲ, ಎತ್ತಿಗೆ ಯಾರದೋ ಕಣ್ಣು ಬಿದ್ದಿರಬೇಕು ಎಂದ. ಗೌಡಮ್ಮ, ಕಾಳಿಂದ ಏನಾಗುತ್ತದೆಂದು ತಮಗೆ ಗೊತ್ತಿಲ್ಲ, ಪೇಟೆಯ ಬೀದಿಗೆ ಬೀಳುವ ಸಿಪ್ಪೆ ಹಸು ಕರು ತಿನ್ನುತ್ತವೆ, ಆ ಹಾಲು ಮಕ್ಕಳು ಕುಡಿಯುತ್ತವೆ ಎಂದರು.

"ಬ್ಯಾಡ ಅಂದೋನು ನಾನು. ಹುಳ ಬಾಯಿಗೆ ತುಂಬ್ತೀನಿ ಅಂದೋಳು ನೀನು. ಈಗ ವರ್ಷದ ಬೆಳೆ ತಿಪ್ಪೆಗೆ ಹಾಕು ಅಂತೀಯಲ್ಲ ಅತ್ತಿಗೆ, ಊರೋರಿಗೆ ಏನ್ ತಿನ್ನಿಸ್ತೀಯ?"

"ಹೂಂ ಕಣಪ್ಪ, ನಾನೇ ಹಾಕಿಸ್ದೆ. ಅದಕ್ಕೇ ನಾನೇ ನಿಲ್ಲಿಸ್ತೀನಿ."

ಅಂಗಳದಲ್ಲಿ ಸೇರಿದ್ದವರಲ್ಲಿ ಒಬ್ಬರೂ ಅವರ ಕಡೆ ನಿಲ್ಲಲಿಲ್ಲ. ಅಷ್ಟು ವರ್ಷ ಅವರ ಬಾಯಿಗೆ, ಕೈಗೆ ಹೆದರಿ ನಡೆದವರು ಆ ಸಂಜೆ ಹೆದರಲಿಲ್ಲ. ಒಬ್ಬ ನಕ್ಕೂ ನಕ್ಕ.

ವಾಪಸು ಬಂದಾಗ ಎತ್ತಿನ ಹತ್ತಿರ ಕೇರಿಯ ಮುದುಕ ತನ್ನ ಮಕ್ಕಳೊಂದಿಗೆ ಕಾದಿದ್ದ. ಸತ್ತ ದನ ಅವರ ಪಾಲಿಗೆ ಹೋಗುವುದು ಹಿಂದಿನಿಂದ ನಡೆದುಬಂದದ್ದು. ಗೌಡಮ್ಮ ಕೊಡುವುದಿಲ್ಲ ಎಂದರು. ಅವನು ತೊಗಲಿನ ಆಸೆಗೆ ಹಾಗೆನ್ನುತ್ತಾರೆಂದು ತಿಳಿದು, ತೊಗಲು ಬೇಕಾದರೆ ನೀವೇ ಇಟ್ಟುಕೊಳ್ಳಿ ಎಂದ.

"ಇದನ್ನ ತಿಂದ್ರೆ ನಿನ್ ಮನೇಲೂ ಹಿಂಗೇ ಕಾಲು ಬಡೀತಾರೆ ಕಣೋ."

"ಹೊಟ್ಟೆಗಿಲ್ದೆ ಬಡ್ಕೊಳ್ಳೋದು ಇದ್ದೇ ಐತಲ್ಲವ್ವ" ಎಂದ ಮುದುಕ. ಆಮೇಲೆ ಗೌಡಮ್ಮ ಒಳಗೆ ಹೋಗಿ ಕಣಜದ ಬಾಯಿ ತೆಗೆದು, ಅವನು ಸಾಕೆನ್ನುವವರೆಗೂ ರಾಗಿ ಅಳೆದರು. ಬೆಳಿಗ್ಗೆ ಮಿಣಿಹಗ್ಗ ತೆಗೆದುಕೊಂಡು ಮಕ್ಕಳೊಂದಿಗೆ ಬರಬೇಕೆಂದು ಹೇಳಿ ಕಳಿಸಿದರು.

ಮಾರನೆಯ ಬೆಳಿಗ್ಗೆ ನಾನು ಮಾಮೂಲಿನಂತೆ ಚೀಲ ಹಿಡಿದು ಗಾಡಿದಾರಿಗೆ ಬಂದೆ. ಊರು ಮುಗಿದು ಹೊಲ ಶುರುವಾಗುವಲ್ಲಿ ದಾರಿ ಎರಡು ಕಡೆಯ ಕಳ್ಳಿಬೇಲಿಯ ನಡುವೆ ಒಂದು ಗಾಡಿಯಷ್ಟೇ ಅಗಲವಾಗುತ್ತದೆ. ಅಲ್ಲಿ ಸತ್ತ ಎತ್ತು ಅಡ್ಡಲಾಗಿ ಮಲಗಿತ್ತು. ಉಳಿದ ಕೊಂಬಿನ ಅರಿಸಿನ, ಕೊರಳಿನ ಚೆಂಡುಹೂ ಹಾಗೇ ಇದ್ದವು. ಅದನ್ನು ಎಳೆದು ತಂದಿದ್ದ ಮುದುಕ ಮತ್ತು ಅವನ ಮಕ್ಕಳು ಬೇಲಿಯಾಚೆ ಗೌಡಮ್ಮನ ಹೊಲದಲ್ಲಿ ಗುಂಡಿ ತೋಡುತ್ತಿದ್ದರು. ಗೌಡಮ್ಮ ಎತ್ತಿನ ತಲೆಯ ಹತ್ತಿರ ನೆಲದ ಮೇಲೆ ಕೂತಿದ್ದರು.

ಮೈದುನನ ಗಾಡಿ ಎಲ್ಲಕ್ಕಿಂತ ಮುಂದಿತ್ತು. ಅವನು ದಾರಿ ಬಿಡು ಎಂದ. ಅವರು ಕೂತಲ್ಲೇ ಎತ್ತಿನ ಕಿವಿಯ ಮೇಲೆ ಕೈ ಇಟ್ಟರು. ಅವನ ಎತ್ತುಗಳು ಇನ್ನೂ ಸಾಕಷ್ಟು ದೂರದಲ್ಲೇ ಮೂಗರಳಿಸಿ ನಿಂತುಬಿಟ್ಟವು. ಚಾಟಿ ಬೀಸಿದ. ಎತ್ತುಗಳು ಗೊರಸೂರಿ ಹಿಂದಕ್ಕೆ ಒತ್ತಿದವು, ಗಾಡಿಯ ಮೂಕಿ ಲಟಕ್ ಎಂದಿತು, ಹಿಂದಿನ ಗಾಡಿಗೆ ಚಕ್ರ ತಾಗಿ ಕುಕ್ಕೆಗಳು ಉರುಳಿದವು. ಅವನು ಕೆಳಗಿಳಿದು ಬಂದು ಅದೇ ಚಾಟಿಯಿಂದ ಗೌಡಮ್ಮನ ಬೆನ್ನಿಗೆ ಹೊಡೆದ. ಮತ್ತೊಮ್ಮೆ ಹೊಡೆದ. ರವಿಕೆ ಹರಿಯಿತು. ಗಾಡಿಗಳ ಮೇಲಿದ್ದವರೆಲ್ಲ ಅವರ ಕೈಯನ್ನೇ ನೋಡುತ್ತಿದ್ದರು, ನಾನೂ. ಆ ಕೈ ಏಳಲಿಲ್ಲ. ಎತ್ತಿನ ಕಿವಿಯ ಮೇಲಿತ್ತು, ಅಲ್ಲೇ ಉಳಿಯಿತು. ಮೈದುನ ಚಾಟಿ ಕೆಳಗೆ ಹಾಕಿ ಬೇಲಿಯ ಕಡೆ ಮುಖ ತಿರುಗಿಸಿ ನಿಂತ.

ಹಿಂದಿನ ಗಾಡಿಯವನು ಮೊದಲು ಎತ್ತು ಬಿಚ್ಚಿದ. ಆಮೇಲೆ ಒಬ್ಬೊಬ್ಬರೇ ಬಿಚ್ಚಿದರು. ಅಷ್ಟು ಕಿರಿದಾದ ದಾರಿಯಲ್ಲಿ ಗಾಡಿ ತಿರುಗಿಸಲಾಗದೆ ಕೈಯಿಂದಲೇ ಹಿಂದಕ್ಕೆ ತಳ್ಳಿಕೊಂಡು ಹೋದರು.

ದಾರಿ ಖಾಲಿಯಾದ ಮೇಲೆ ಗೌಡಮ್ಮ ಎದ್ದರು. ನನ್ನನ್ನು ನೋಡಿದರೋ ಇಲ್ಲವೋ ತಿಳಿಯದು. ಸೊಂಟದ ಕುಡುಗೋಲು ತೆಗೆದು ತಮ್ಮ ಹೊಲಕ್ಕೆ ಇಳಿದು, ಊರಿನವರೆಲ್ಲರಿಗೂ ಕಾಣುವ ಮೊದಲ ಸಾಲಿನಿಂದಲೇ ಶುರು ಮಾಡಿದರು. ಎಡಗೈಯಲ್ಲಿ ಏನನ್ನೂ ಹಿಡಿಯಲಾಗುತ್ತಿರಲಿಲ್ಲ. ಗಿಡಗಳನ್ನು ಕಾಲಿನಿಂದ ನೆಲಕ್ಕೆ ಮೆಟ್ಟಿ ಹಿಡಿದು, ಹೂವಿದ್ದದ್ದನ್ನೂ ಕಾಯಿದ್ದದ್ದನ್ನೂ ಬುಡಕ್ಕೇ ಕತ್ತರಿಸಿ, ಗುಂಡಿಯ ಕಡೆ ಒದೆಯುತ್ತಾ ಮುಂದಿನ ಗಿಡಕ್ಕೆ ಹೋದರು.